ಏಳು ದೇಶದ ಧೂಳು ತೊಳೆದ ಮೌನಪ್ಪ ಮಿಸ್ತ್ರಿ

ಏ, ಸುಮ್ಮನ ಕುಂದರ್ರಿ, ಹೇಳತೀನಿ. ನಡುವ ಬಾಯಿ ಹಾಕಿದ್ರ ಎದ್ದು ಹೋಗಾಕಿ ನಾ.

ಭಾಳ ಹಿಂದ, ಹೆದ್ದಾರಿಗೆ ಹತ್ತಿದ ಒಂದು ಊರಾಗ ಮೌನಪ್ಪ ಅಂತ ಒಬ್ಬ ಮಿಸ್ತ್ರಿ ಇದ್ದ. ಯಾವ ವರ್ಷ ಅಂತ ಕೇಳಬ್ಯಾಡ್ರಿ, ಈ ಕಥಿ ಹೇಳಿದ ನಮ್ಮತ್ತಿಗೂ ಗೊತ್ತಿರಲಿಲ್ಲ. ಅವರಪ್ಪ ಕಂಬಾರ, ಕುಡಗೋಲು ಬಡೀತಿದ್ದ. ಮೌನಪ್ಪ ಅದ ಕುಲುಮ್ಯಾಗ ಮೋಟರ್ ಸೈಕಲ್ ರಿಪೇರಿ ಶುರು ಮಾಡಿದ. ಗಾಡಿ ಸಪ್ಪಳ ಕೇಳಿನ ಅದರ ರೋಗ ಹೇಳತಿದ್ದ ಅಂತಾರ. ಕೊಟ್ಟ ಮಾತು ತಪ್ಪತಿರಲಿಲ್ಲ ಅಂತಾರ. ಸಂಜಿಗೆ ಕೊಡತೀನಿ ಅಂದ್ರ ಸಂಜಿಗೆ ಗಾಡಿ ತಯಾರ. ಈಗಿನವರಂಗ ‘ನಾಳೆ ಬರ್ರಿ, ನಾಡದ ಬರ್ರಿ’ ಅಲ್ಲ.

ಒಂದು ಸಲ ಆ ಊರಿಗೆ ಟೀವ್ಹಿಯವರು ಬಂದ್ರು. ಆರು ಮಂದಿ ಮೋಟರ್ ಸೈಕಲ್ ಹತ್ತಿ ದೇಶ ದೇಶ ತಿರುಗೂದು, ಹಿಂದ ವ್ಯಾನಿನಾಗ ಕ್ಯಾಮರಾದವರು ಬರೂದು, ಅದನ್ನ ಜನ ಮನ್ಯಾಗ ಕುಂತು ನೋಡೂದು. ಆ ಆರು ಮಂದ್ಯಾಗ ರುಸ್ತುಂ ಅಂತ ಬಿಳಿ ಗಡ್ಡದಾಂವ ಒಬ್ಬ. ಈ ಊರಿಗೆ ಬಂದಾಗ ಅವನ ಗಾಡಿ ಚಾಸಿ ಮುರೀತು. ಟೀವ್ಹಿಯವರಿಗೆ ನಿಲ್ಲಾಕ ಪುರಸೊತ್ತಿಲ್ಲ. ಬ್ಯಾರೆ ಗಾಡಿ ಕೊಟ್ಟು, ಹತ್ತು ನಡಿ ಅಂದ್ರು.

ಹೋಗೂ ಮುಂದ ರುಸ್ತುಂ ಮುರದ ಗಾಡಿ ಮೌನಪ್ಪನ ಕುಲುಮ್ಯಾಗ ಬಿಟ್ಟು, ಅವನ ಕೈ ಹಿಡಕೊಂಡು ಕೇಳಿಕೊಂಡನಂತ. ತಿರುಗಾಟ ಮುಗದ ಮ್ಯಾಲ ಆರೂ ಗಾಡಿ ಪಟ್ಟಣದಾಗ ಒಂದು ಗಾಜಿನ ಮನ್ಯಾಗ ಜನರಿಗೆ ತೋರಸಾಕ ನಿಲ್ಲಸತಾರ. ಮೈಮ್ಯಾಲಿನ ಧೂಳು ಸುದ್ದಾ ಹಂಗ ಇರಬೇಕು. ನಾ ಬರೂತನಕ ಒರಸಬ್ಯಾಡ, ತೊಳೀಬ್ಯಾಡ ಅಂದ. ಮೌನಪ್ಪ ಆತು ಅಂತ ಮಾತು ಕೊಟ್ಟ.

ಮಳಿಗಾಲ ಹೋತು, ಯಾರೂ ಬರಲಿಲ್ಲ. ದಸರಾದ ಖಂಡೇ ಪೂಜಿ ಬಂತು. ಅವತ್ತು ಕುಲುಮ್ಯಾಗ ಒಂದು ಮೊಳಿ ಸುದ್ದಾ ತೊಳೀದ, ಇಭೂತಿ ಹಚ್ಚದ ಇರಬಾರದು, ಗೊತ್ತೈತಲ್ಲ ನಿಮಗ? ಇಕ್ಕಳ, ಸುತ್ತಿಗಿ, ಪಾನಾ ಎಲ್ಲಾ ತೊಳದು ಇಟ್ಟ. ಮೂಲ್ಯಾಗ ಆ ಗಾಡಿ ಒಂದ ಮುರದ ಮೈ ಹೊತಗೊಂಡು, ಧೂಳಾಗಿ ನಿಂತಿತ್ತು. ಮೌನಪ್ಪ ನೋಡಿದ, ಹೊರಗ ಹೋದ, ಬಂದ, ಮತ್ತ ನೋಡಿದ. ಮಾತು ಕೊಟ್ಟದ್ದು ನೆನಪಿತ್ತು ಅವಗ, ಮರತಿದ್ದಿಲ್ಲ. ಆದ್ರ ಹಬ್ಬದ ದಿನ ಎಲ್ಲಾದಕ್ಕೂ ನೀರು ಹಾಕಿ, ಮನಿಗೆ ಬಂದ ಪರದೇಶಿ ಒಂದನ್ನ ಹಂಗ ಬಿಟ್ರ ಆ ಪಾಪ ಯಾರಿಗೆ ಅಂದ. ಕೊಡ ಎತ್ತಿ ಸುರದ.

ಮೊದಲನೇ ಕೊಡದ ನೀರು ಕರೇದು ಇಳೀತು. ಅದು ನಮ್ಮ ಎರಿ ಮಣ್ಣು. ಎರಡನೇದು ಕೆಂಪು. ಮೂರನೇದು ಅರಿಷಿಣ ಕದಡಿದಂಗ. ಆಮ್ಯಾಲ ಬೂದಿ ಬಣ್ಣ, ಆಮ್ಯಾಲ ಬೆಳ್ಳಂದು, ಅದರಾಗ ಮಿಣಮಿಣ ಅನ್ನೂ ಉಸುಕು. ಹಿಂಗ ದೇಶಕ್ಕೊಂದು ಬಣ್ಣ ಇಳಕೋತ ಹೋತು. ಕೆಲವರು ಹನ್ನೆರಡು ಬಣ್ಣ ಅಂತಾರ. ನಮ್ಮತ್ತಿ ಏಳು ಅಂತಿದ್ದಳು, ನಾನೂ ಏಳ ಅಂತೀನಿ. ತೊಳದು, ಬೆಸುಗಿ ಹಾಕಿ, ಇಭೂತಿ ಹಚ್ಚಿ, ಕಾಯಿ ಒಡದ. ಕಿಕ್ ಹೊಡದ್ರ ಒಂದ ಸಲಕ್ಕ ಚಾಲೂ!

ಎಂಟ ದಿನಕ್ಕ ರುಸ್ತುಂ ಬಂದ. ಗಾಡಿ ನೋಡಿದವನ, ಧೂಳೆಲ್ಲಿ ಅಂದ. ಅವನ ಕಥಿ ಹಿಂಗಾಗಿತ್ತು. ಬ್ಯಾರೆ ಗಾಡಿ ಮ್ಯಾಲ ಪಟ್ಟಣ ಮುಟ್ಟಿದ್ದಕ್ಕ, ಇಂವ ದೇಶ ತಿರುಗೇ ಇಲ್ಲ, ಗಾಡಿ ಲಾರ್‍ಯಾಗ ಹಾಕಿ ತಂದಾನ ಅಂತ ಟೀವ್ಹಿಯ ದೊಡ್ಡ ಸಾಹೇಬ ಪಟ್ಟಿಯಿಂದ ಅವನ ಹೆಸರು ತಗದಿದ್ದ. ಕ್ಯಾಮರಾದವರು ಸಾಹೇಬನ ಪಗಾರ ಉಣ್ಣಾವ್ರು, ಆ ಧೂಳೊಂದ ರುಸ್ತುಂಗ ಸಾಕ್ಷಿ. ಅದ ಗಟಾರಕ್ಕ ಹೋಗಿತ್ತು. ಅಂವ ಬೈಲಿಲ್ಲ. ಬೈದಿದ್ರ ಮೌನಪ್ಪಗ ಹಗುರಾಗತಿತ್ತು. ಮೌನಪ್ಪ ಹಣಿ ಬಡಕೊಂಡು ಅತ್ತ ಅಂತಾರ. ಆಗ ಅವನ ಹೆಣ್ತಿ ನೀಲವ್ವ ಒಳಗಿಂದ ಬಂದು, “ಅತ್ರೇನ ಬರತೈತಿ? ತೊಳದ ಕೈ ಐತಲ್ಲ, ಅದ ಹೋಗಿ ಹೇಳಲಿ” ಅಂದಳು.

ಮೌನಪ್ಪ, ರುಸ್ತುಂ ಇಬ್ಬರೂ ಅದ ಗಾಡಿ ಮ್ಯಾಲ ಪಟ್ಟಣಕ್ಕ ಹೋದ್ರು. ಗಾಜಿನ ಮನ್ಯಾಗ ಐದು ಗಾಡಿ, ಮೈತುಂಬ ಕೆಸರು, ಮ್ಯಾಲ ಝಗಝಗ ದೀಪ, ಟಿಕೀಟು ತಗಸಿದ ಜನ. ಮೌನಪ್ಪ ನಡುವ ನಿಂತು ಕೊಡಕ್ಕೊಂದರಂಗ ನೀರಿನ ಬಣ್ಣ ಹೇಳಿದ. ಸಾಹೇಬ ನಕ್ಕ. ಹರದು ಹೋದ ನೀರು ಯಾವ ಊರ ಸಾಕ್ಷಿ ಅಂದ. ಮೌನಪ್ಪಗ ಸಿಟ್ಟು ನೆತ್ತಿಗೇರಿತು. ಹಂಗಾರ ಇವನ್ನೂ ತೊಳದು ನೋಡೂಣು ಅಂದವನ, ಕಸ ಹೊಡಿಯಾಕಿ ಇಟ್ಟಿದ್ದ ಬಕೀಟು ಎತ್ತಿ ಮೊದಲನೇ ಗಾಡಿ ಮ್ಯಾಲ ಸುರದ.

ಒಂದ ಬಕೀಟಿಗೆ ಕೆಸರೆಲ್ಲಾ ಇಳೀತು. ಒಂದ ಬಣ್ಣ! ಆ ಮನಿ ಹಿತ್ತಲ ಮಣ್ಣಿನ ಬಣ್ಣ. ಕೆಳಗ ಹೊಸಾ ಪೇಂಟು, ಟಾಯರಿನ ಮ್ಯಾಲಿನ ಸಣ್ಣ ರಬ್ಬರ ಕೂದಲ ಸುದ್ದಾ ಸವದಿಲ್ಲ. ದೇಶ ತಿರುಗಿದ ಖರೇ ಗಾಡಿಗಳು ಪಟ್ಟಣಕ್ಕ ಬಂದ ವಾರದಾಗ ಆ ಸಾಹೇಬ ಅವನ್ನ ಗುಜರಿಗೆ ಹಾಕಿ, ಹೊಸಾ ಗಾಡಿಗೆ ಕೆಸರು ಬಳದು ನಿಲ್ಲಿಸಿದ್ದ. ಜನ ಅಂವನ್ನ ಉಗದು ಉಪ್ಪ ಹಾಕಿದ್ರು. ರುಸ್ತುಂ ಹೆಸರು ಎಲ್ಲಾರಕಿಂತ ಮ್ಯಾಲ ಬರದ್ರು.

ಇನ್ನರ ಆ ಗಾಡಿ ಇಲ್ಲೇ ಬಿಡು ಅಂದ್ರು. ರುಸ್ತುಂ ಕೇಳಲಿಲ್ಲ, ಕೀಲಿ ಮೌನಪ್ಪನ ಕೈಯಾಗಿಟ್ಟ. ಮೌನಪ್ಪ ಸಾಯೂತನಕ ಅದನ್ನ ಹತ್ತಿ, ದಾರ್‍ಯಾಗ ಕೆಟ್ಟು ನಿಂತವರ ಗಾಡಿ ರಿಪೇರಿ ಮಾಡಕೋತ ತಿರುಗಿದ. ಪೆಟ್ರೋಲ್ ಇಲ್ದ ಓಡತಿತ್ತು ಅನ್ನಾವ್ರೂ ಅದಾರ. ಅದು ಸುಳ್ಳು, ನಾ ಒಪ್ಪಂಗಿಲ್ಲ. ಆದ್ರ ಒಂದು ಖರೇ. ರುಸ್ತುಂನ ಮರ್ಯಾದಿ ಉಳೀತು, ನನ್ನ ಮಾತು ಹೋತು ಅಂತ ಕಡೀತನಕ ಮರಗತಿದ್ದನಂತ ಪುಣ್ಯಾತ್ಮ.

ಅದಕ್ಕ ಇವತ್ತಿಗೂ ಆ ಊರಾಗ ಖಂಡೇ ಪೂಜಿ ದಿನ ಗಾಡಿಗೆ ಸುಮ್ಮನ ನೀರು ಹಾಕೂದಿಲ್ಲ. ಗಾಡಿ ಓಡಿಸಿದಾಂವ ಮುಂದ ನಿಂತು, ಈ ವರ್ಷ ಎಲ್ಲೆಲ್ಲಿ ಹೋಗಿತ್ತು ಅಂತ ಎಲ್ಲಾ ಹೇಳಬೇಕು. ಮನಿಯವರು ಕೇಳಬೇಕು. ಆಮ್ಯಾಲ ನೀರು.

ಹೋದ ವರ್ಷ ಆ ಊರಿನ ಸಾವಂತ್ರೆವ್ವ ಅನ್ನಾಕಿ ಗಂಡನ ಗಾಡಿ ಹೊರಗ ತಂದು ನಿಲ್ಲಿಸಿದಳು. ಅಂವ ತೀರಿ ಆರ ತಿಂಗಳಾಗಿತ್ತು. ಹೇಳಾವ್ರು ಯಾರು? ಆಕಿ ಕೊಡ ಹಿಡಕೊಂಡು ಹಂಗ ನಿಂತಳು. ಆಗ ಎದುರಮನಿ ಮುದುಕ, ನನ್ನ ಕಣ್ಣಿನ ದವಾಖಾನಿಗೆ ಒಯ್ದಿದ್ದನವ್ವ ಅಂದ. ಇನ್ನೊಬ್ಬಾಕಿ, ನನ್ನ ಮಗಳನ್ನ ಪರೀಕ್ಷಾಕ್ಕ ಮುಟ್ಟಿಸಿದ್ದ ಅಂದಳು. ಮತ್ತೊಬ್ಬಾಂವ ಹೇಳಿದ, ಮಗದೊಬ್ಬಾಕಿ ಹೇಳಿದಳು. ಓಣಿ ಓಣೀನ ಬಂದು ಹೇಳಿತು. ಹೇಳಿ ಮುಗಿಯೂದರಾಗ ಹೊತ್ತು ಮುಳಗಾಕ ಬಂದಿತ್ತು. ಸಾವಂತ್ರೆವ್ವ ಎಲ್ಲಾ ಕೇಳಿ, ಕಣ್ಣು ಒರಸಿಕೊಂಡು, ಆಮ್ಯಾಲ ನೀರು ಹಾಕಿದಳು.