ಬಸವನ ಕೊಂಬಿನ ಊರುಗೋಲು

ಘಟಪ್ರಭೆಯ ದಡದ ಕಲ್ಲೊಡ್ಡು ಮಠಕ್ಕೆ ಆಗ ಬಾಗಿಲೂ ಇರಲಿಲ್ಲ. ಪೂಜ್ಯ ಶ್ರೀ ಶಾಂತಮುನಿ ಅಜ್ಜನವರು ಅಲ್ಲಿ ಒಂದು ಕಂಬಳಿ ಹಾಸಿಕೊಂಡು ವಾಸವಾಗಿದ್ದರು. ಅವರ ಮಂಡಿ ಕೆಟ್ಟಿತ್ತು. ಸ್ನಾನಕ್ಕೆ ಹೊಳೆಯ ಪಾವಟಿಗೆಯ ಮೆಟ್ಟಿಲು ಇಳಿಯುವುದೇ ದಿನನಿತ್ಯದ ತಪಸ್ಸಾಗಿತ್ತು. ಮಠದ ಮುದಿ ಬಸವ ಲಿಂಗೈಕ್ಯವಾದಾಗ, ಅದಕ್ಕೆ ಉಳಿದಿದ್ದ ಒಂದೇ ಕೊಂಬಿನಿಂದ ಅಜ್ಜನವರ ಊರುಗೋಲಿಗೆ ಹಿಡಿ ಮಾಡಿಸಬೇಕೆಂದು ಭಕ್ತರು ಬಯಸಿದರು.

ಕೆಲಸ ಕೊಂಬಿನಿಂದ ಹಣಿಗೆ, ಅಂದರೆ ಬಾಚಣಿಗೆ, ಮಾಡುವ ಲಾಡ್ಲೇಸಾಬನಿಗೆ ಬಂತು. ಕೊಂಬನ್ನು ಕುದಿಸಿ, ಎಣ್ಣೆ ಸವರಿ, ಕೆಂಡದ ಝಳಕ್ಕೆ ಹಿಡಿದು, ಚೆನ್ನಾಗಿ ಮೆತ್ತಗಾದ ಮೇಲೆಯೇ ಅಚ್ಚಿನಲ್ಲಿ ಬಗ್ಗಿಸಬೇಕು. ಅದು ಅವನಿಗೆ ತಿಳಿಯದ್ದೇನಲ್ಲ. ಆದರೆ ಶ್ರಾವಣ ಸೋಮವಾರದೊಳಗೆ ಕೊಡುವೆನೆಂದು ಮಾತು ಕೊಟ್ಟಿದ್ದ. ಅವಸರದಲ್ಲಿ ಬಗ್ಗಿಸಿದ, ಬಾಗಿದಲ್ಲಿ ಕೂದಲೆಳೆಯಂಥ ಸೀಳು ಬಿತ್ತು. ಬಸವನ ಇನ್ನೊಂದು ಕೊಂಬು ಎಲ್ಲಿಂದ ತರುವುದು? ಅರಗಿನಲ್ಲಿ ಕೊಂಬಿನ ಪುಡಿ ಕಲಸಿ ಸೀಳಿಗೆ ತುಂಬಿ, ಹೊಳಪು ಕೊಟ್ಟು ಒಪ್ಪಿಸಿದ.

ಹಿಡಿ ನೋಡಿದವರೆಲ್ಲ ಕೈಮುಗಿದರು. ಹೊಳೆಯುವುದನ್ನು ಕಂಡರೆ ನಮ್ಮ ಜನರ ಕೈ ತಾನೇ ಮುಗಿಯುತ್ತದೆ. ಅಜ್ಜನವರು ಕೋಲನ್ನು ಕಣ್ಣಿಗೊತ್ತಿಕೊಂಡರು.

ಅಂದಿನಿಂದ ಲಾಡ್ಲೇಸಾಬನಿಗೆ ಅದೇ ಚಿಂತೆ. ಪಾವಟಿಗೆ ಪಾಚಿ ಕಟ್ಟಿತ್ತು, ಹೊಳೆ ತುಂಬಿತ್ತು. ಅಜ್ಜನವರ ಭಾರ ಬಿದ್ದೊಡನೆ ಹಿಡಿ ಎರಡಾದರೆ? ಮಠದ ಕಡೆಯಿಂದ ಯಾರಾದರೂ ಬಿರುಸಾಗಿ ಬಂದರೆ ಅವನು ಕೈಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದ.

"ಹೋಗಿ ಒಂದ್ ಮಾತ್ ಹೇಳಿ ಬರ್ರಿ," ಎಂದಳು ಹೆಂಡತಿ ಹುಸೇನಬಿ.

"ಹೇಳಿದ್ರ ಊರಾಗ ನನಗ ಯಾರು ಕೆಲಸಾ ಕೊಡ್ತಾರ?" ಎಂದು ಗದರಿದ. ಆದರೂ ದಿನಾ ಮುಂಜಾನೆ ಹೊಳೆದಂಡೆಯ ಜಾಲಿಮರದ ಮರೆಯಲ್ಲಿ ನಿಂತು ನೋಡುತ್ತಿದ್ದ.

ಅಜ್ಜನವರು ಕೋಲನ್ನು ಊರುತ್ತಲೇ ಇರಲಿಲ್ಲ. ಅದನ್ನು ಕಂಕುಳಲ್ಲಿ ಇರುಕಿಕೊಂಡು, ಗೋಡೆ ಹಿಡಿದು, ನೋಯುವ ಮಂಡಿಯ ಮೇಲೆಯೇ ಇಳಿಯುತ್ತಿದ್ದರು. ಭಕ್ತರು ಇದು ಯೋಗಬಲವೆಂದು ಹಿಗ್ಗಿದರು. ಲಾಡ್ಲೇಸಾಬ ಮಾತ್ರ ಬೆವರಿದ. ಒಂದು ದಿನ ಅಜ್ಜನವರ ಕಾಲು ಜಾರಿತು. ಬೀಳುವಾಗಲೂ ಅವರು ಕೋಲನ್ನು ಎದೆಗೆ ಅವಚಿಕೊಂಡರೇ ಹೊರತು ಊರಲಿಲ್ಲ. ಲಾಡ್ಲೇಸಾಬ ಓಡಿಬಂದು ಅವರನ್ನು ಎತ್ತಿ ಕೂರಿಸಿದ. ಮಂಡಿ ಒಡೆದು ನೆತ್ತರು ಹರಿಯುತ್ತಿತ್ತು.

"ಅಜ್ಜಾರ, ಹಿಡಿ ಸೀಳೈತ್ರಿ. ನಾನ ಅರಗ್ ತುಂಬಿ ಮುಚ್ಚೀನ್ರಿ," ಎಂದು ಅವರ ಪಾದ ಹಿಡಿದ.

"ಗೊತ್ತಪ್ಪ. ಕೋಲ್ ಕೊಡೂ ಮುಂದ ನಿನ್ನ ಹೆಬ್ಬಟ್ಟು ಆ ಸೀಳಿನ ಜಾಗಾ ಬಿಡ್ಲಿಲ್ಲ."

"ಮತ್ತ ಯಾಕ ಕೇಳ್ಲಿಲ್ರಿ?"

"ಅವತ್ತ ಬಗ್ಗಿಸಿದ್ರ ನೀನೂ ಸೀಳ್ತಿದ್ದಿ. ಮೆತ್ತಗಾಗೂತನಾ ಕಾಯ್ಬೇಕಲ್ಲೋ ತಮ್ಮಾ."

ಲಾಡ್ಲೇಸಾಬ ಮಗುವಿನಂತೆ ಅತ್ತ. ಕೋಲನ್ನು ಮನೆಗೆ ಒಯ್ದು ಅರಗೆಲ್ಲ ಕೆರೆದು, ಸೀಳಿನ ಮೇಲೆ ಎಲ್ಲರಿಗೂ ಕಾಣುವಂತೆ ತಾಮ್ರದ ಪಟ್ಟಿ ಬಿಗಿದು ತಂದ. ಭಕ್ತರ ಮುಂದೆ ತಪ್ಪನ್ನು ತಾನೇ ಹೇಳಿದ. ಕೆಲವರು ಗೊಣಗಿದರು. ಅಜ್ಜನವರು ಪಾವಟಿಗೆಗೆ ನಡೆದು, ಪಾಚಿಗಲ್ಲಿನ ಮೇಲೆ ಕೋಲೂರಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟರು. ಒಂದು ಮೆಟ್ಟಿಲು ಕೆಳಗೆ ಲಾಡ್ಲೇಸಾಬ ಎರಡೂ ಕೈ ಚಾಚಿ ನಿಂತಿದ್ದ. ಹಿಡಿ ತಡೆಯಿತು.

ಆಮೇಲೆ ಅವನು ಎಷ್ಟೋ ವರ್ಷ ಹಣಿಗೆ ಮಾರಿದ. ಪ್ರತಿಯೊಂದನ್ನೂ ಬಿಸಿಲಿಗೆ ಹಿಡಿದು, ಸೀಳಿದ್ದರೆ ಬೆರಳಿಟ್ಟು ತೋರಿಸಿಯೇ ಕೊಡುತ್ತಿದ್ದ. ಅವಸರ ಮಾಡುವ ಗಿರಾಕಿಗೆ, "ತಡೀರಿ, ಇನ್ನೂ ಮೆತ್ತಗಾಗಿಲ್ಲ," ಅನ್ನುವಾಗೆಲ್ಲ ಮಠದ ಕಡೆ ತಿರುಗಿ ತಲೆಬಾಗುತ್ತಿದ್ದ.