ಸೂರಿನ ಹಸಿರು ಚೆಂಡು

ಜಪಾನಿನ ಒಂದು ಕೋಟೆಪೇಟೆ. ಸಾಕೆ ಎಂಬ ಅಕ್ಕಿಮದ್ಯ ಮಾರುವ ಅಂಗಡಿಯ ಸೂರಿಗೆ ಅಲ್ಲಿ ದೇವದಾರು ಸೊಪ್ಪಿನ ಚೆಂಡು ತೂಗುಹಾಕುತ್ತಾರೆ. ಚಳಿಗಾಲದಲ್ಲಿ ಹೊಸ ಸಾಕೆ ಬಂದಾಗ ಚೆಂಡು ಹಸಿರು. ಸಾಕೆ ಹಳತಾಗುತ್ತ ಚೆಂಡೂ ಒಣಗಿ ಕಂದಾಗುತ್ತದೆ.

ಒಂದು ಬೇಸಿಗೆ ಕೋಟೆಯ ಅಧಿಕಾರಿ ಓರಿನ್ ಎಂಬವಳ ಸಾಕೆ ಅಂಗಡಿಗೆ ಬಂದು ಗುಡುಗಿದ: "ನಾಳೆ ದೊರೆಗಳ ಸವಾರಿ. ಈ ಒಣಚೆಂಡು ಕಿತ್ತು ಹಸಿರು ಕಟ್ಟು. ಇಲ್ಲವೋ, ಅಂಗಡಿಗೆ ಬೀಗ!"

"ಆದರೆ ಸ್ವಾಮಿ..."

"ಎದುರು ಮಾತೇ?"

ಓರಿನ್ ತಲೆಬಾಗಿ ಹಸಿರು ಚೆಂಡು ಕಟ್ಟಿದಳು.

ಬೆಳಗಾದರೆ ಊರಿಗೆ ಊರೇ ಹೂಜಿ ಹಿಡಿದು ಬೀದಿ ತುಂಬಿತ್ತು. ಪಲ್ಲಕ್ಕಿ ನಿಂತಿತು. ದೊರೆಯೇ ಪರದೆ ಸರಿಸಿದ: "ಬೇಸಿಗೆಯಲ್ಲಿ ಹೊಸ ಸಾಕೆಯೇ? ನನಗೂ ಒಂದು ಬಟ್ಟಲು ತಾ!"

ಓರಿನ್ ಪಲ್ಲಕ್ಕಿಯ ಪಕ್ಕದಲ್ಲಿದ್ದ ಅಧಿಕಾರಿಯತ್ತ ಕೈ ತೋರಿದಳು: "ನನ್ನ ಹತ್ತಿರ ಇರೋದು ಹಳೆಯದೇ, ದೊರೆಗಳೇ. ಹಸಿರು ಕಟ್ಟಿಸಿದವರು ಇವರು. ಹೊಸದನ್ನು ಎಲ್ಲಿಟ್ಟಿದ್ದಾರೋ, ಇವರನ್ನೇ ಕೇಳಿ."

ಅಧಿಕಾರಿ ಕತ್ತಿ ಬಿಚ್ಚಿಟ್ಟು, ಏಣಿ ಹತ್ತಿ, ಕಂದು ಚೆಂಡನ್ನು ತಾನೇ ಕಟ್ಟಿದ.

ಕೆಳಗೆ ಏಣಿ ಹಿಡಿದಿದ್ದ ಓರಿನ್ ಕತ್ತೆತ್ತಿ ನೋಡಿದಳು. "ಸ್ವಾಮಿ, ಸ್ವಲ್ಪ ಓರೆಯಾಯಿತಲ್ಲ?"