ಬುದ್ಧನಿಗೆ ಬೆನ್ನು ಹಾಕದ ಚಿಕ್ಕನಂಜ

ಕೇಳ್ರಪ್ಪಾ, ಕೊಳ್ಳೇಗಾಲದ ಕಡೆ ಪುಟ್ಟಮಾದಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಚಿಕ್ಕನಂಜ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಬುದ್ಧನ ಜಾಗಗಳನ್ನು ನೋಡಲು ಊರಿನವರು ಶನಿವಾರ, ಭಾನುವಾರದ ಮಟ್ಟಿಗೆ ಲಂಕೆಗೆ ಹೊರಟಾಗ ಇವರೂ ಹೊರಟರು. ಪರದೇಶದಲ್ಲಿ ಮಗ ತಪ್ಪಿಸಿಕೊಂಡರೆ ಏನು ಗತಿ ಅಂತ ಮಾದಮ್ಮನಿಗೆ ವಿಮಾನ ಹತ್ತುವಾಗಲೇ ದಿಗಿಲು.

ಮೊದಲು ಬುದ್ಧನ ಗುಡಿ, ವಿಹಾರ. "ನಿಂತ್ಕೊ ಮಗಾ, ಪಟ ತೆಗೀತೀನಿ" ಅಂದಳು. ಚಿಕ್ಕನಂಜ ಬುದ್ಧನಿಗೆ ಬೆನ್ನು ಹಾಕಿ ನಿಂತು ಹಲ್ಲು ಕಿರಿದ. ಕಾವಲುಗಾರ ಓಡಿಬಂದು ಗದರಿದ! ಹಾಗೆ ನಿಂತರೆ ಅಲ್ಲಿ ಬುದ್ಧನಿಗೆ ಅವಮಾನವಂತೆ.

"ಅಯ್ಯೋ ಮಂಕೇ! ಬುದ್ಧನಿಗೆ ಯಾವತ್ತೂ ಬೆನ್ನು ಹಾಕ್ಬೇಡ!"

"ಹೂಂ ಕಣವ್ವಾ, ಹಾಕಾಕಿಲ್ಲ."

ಹೊರಗೆ ಬಂದರೆ ಬೀದಿಗೊಬ್ಬ ಬುದ್ಧ. ಚಿಕ್ಕನಂಜ ಬುದ್ಧನ ಕಡೆಗೇ ಮುಖ ಮಾಡಿ ಹಿಂದಹಿಂದಕ್ಕೆ ನಡೆದ. ಎಳನೀರಿನ ಗಾಡಿಗೆ ಗುದ್ದಿದ, ಎಳನೀರೆಲ್ಲ ಬೀದಿಪಾಲು!

"ಥೂ ನಿನ್ನ! ಎಲ್ರೂ ಹೆಂಗ್ ಮಾಡ್ತಾರೋ ಹಂಗ್ ಮಾಡೋ!"

ಸಂಜೆ ಕುಣಿತದ ಪ್ರದರ್ಶನ. ರಂಗದ ಮೇಲೆ ಎಲ್ಲರೂ ಕುಣಿದರು. ಚಿಕ್ಕನಂಜನೂ ಹತ್ತಿ ಕುಣಿದ! ಇಳಿಸುವಷ್ಟರಲ್ಲಿ ಸಾಕುಸಾಕಾಯಿತು.

ಊರಿನವರನ್ನೆಲ್ಲ ಕರೆತಂದಿದ್ದ ಪಾಪಣ್ಣ ಸಿಡುಕಿದ. "ಮಾದಮ್ಮಕ್ಕಾ, ಇನ್ನೊಂದ್ ಸಲ ಹಿಂಗಾದ್ರೆ ಇವನ್ನ ಇಲ್ಲೇ ಬುಟ್ಟು ಹೋಯ್ತೀನಿ!"

ಮಾದಮ್ಮ ಮಗನನ್ನು ಪಕ್ಕಕ್ಕೆ ಎಳೆದಳು. "ನಾ ಏಳು ಅನ್ನೋಗಂಟ ಕೂತಲ್ಲಿಂದ ಏಳ್ಬೇಡ ಕಣಪ್ಪಾ."

ಭಾನುವಾರ ಬೋಧಿಮರದ ಕೆಳಗೆ ಕೂತ. ಎಲ್ಲರೂ ಬಸ್ಸು ಹತ್ತಿದರು, ಇವನಿಲ್ಲ! ಮಾದಮ್ಮ ಬಾಯಿ ಬಡಿದುಕೊಂಡು ಓಡಿದಳು. ಕೂತೇ ಇದ್ದಾನೆ, ಕಣ್ಣು ಮುಚ್ಚಿ! ಸಾಧು ಅಂದುಕೊಂಡು ಯಾರೋ ಮುಂದೆ ತಾವರೆ ಬೇರೆ ಇಟ್ಟಿದ್ದರು.

ಬಯ್ಯಬೇಕೆಂದವಳು ತಬ್ಬಿಕೊಂಡು ಅತ್ತಳು. "ಆಮೇಲ್ ಹೇಳಿದ್ದೆಲ್ಲ ಮರ್ತ್ಬುಡು. ಮೊದ್ಲು ಹೇಳಿದ್ದೊಂದೇ ಸಾಕು."

ವಿಮಾನ ನಿಲ್ದಾಣದಲ್ಲಿ ಅವನ ಬೆನ್ನಿಗೆ ಬ್ಯಾಗು ಹಾಕಿದಳು. ಒಳಗೆ ಅವಳು ಕೊಂಡ ಪುಟ್ಟ ಬುದ್ಧನ ಮೂರ್ತಿ. ಚಿಕ್ಕನಂಜ ತಿರುಗಿದ. ಮತ್ತೆ ತಿರುಗಿದ. ಗಿರಗಿರ ತಿರುಗತೊಡಗಿದ! ಪೊಲೀಸರು ಸುತ್ತುವರಿದರು. ಪಾಪಣ್ಣ, "ನಾವ್ ಹೊಂಟೋ!" ಅಂದ.

"ಏನ್ ಬಂತೋ ನಿಂಗೆ?"

"ಬುದ್ಧ ಬೆನ್ ಹಿಂದೇನೇ ಅವ್ನೆ ಕಣವ್ವಾ! ನಾ ತಿರುಗಿದ್ರೆ ಅವ್ನೂ ತಿರುಗ್ತಾನೆ!"

ಬ್ಯಾಗು ಕಿತ್ತು ತನ್ನ ಬೆನ್ನಿಗೇ ಹಾಕಿಕೊಂಡಳು. ಚಿಕ್ಕನಂಜ ನಿಂತ. ಬ್ಯಾಗಿಗೆ ಕೈಮುಗಿದು ಅವಳ ಹಿಂದೆಯೇ ನಡೆದ. ಅಬ್ಬಾ! ಇನ್ನು ಮಗ ತಪ್ಪಿಹೋಗುವ ಭಯವಿಲ್ಲ ಅಂತ ಮಾದಮ್ಮನಿಗೆ ಹೋದ ಜೀವ ಬಂತು. ಅದೇ ನೆಮ್ಮದಿಯಲ್ಲಿ ಹೆಂಗಸರನ್ನು ತಪಾಸಣೆ ಮಾಡುವ ಪರದೆಯೊಳಕ್ಕೆ ಹೋದಳು.

ಕೈಮುಗಿದುಕೊಂಡು ಚಿಕ್ಕನಂಜನೂ ಒಳಕ್ಕೆ ಹೋದ.